ಹೊಂಬಾಲವನ್ನು ಕಾಪಿಟ್ಟ ಜಾಡಿ

ಸಿಸ್ ಎಂಬ ಒಂದು ಸಣ್ಣ ಸದ್ದು. ನಾನು ಹುಟ್ಟಿ ಮೊದಲು ಕೇಳಿದ್ದು ಅದನ್ನೇ, ಅದು ನನ್ನದೇ ಸದ್ದು. ಅಪರಾತ್ರಿಯ ಹೊತ್ತು, ಕಾರ್ಖಾನೆಯ ದೊಡ್ಡ ಯಂತ್ರಗಳೆಲ್ಲ ನಿಂತಿದ್ದವು. ರಾತ್ರಿಪಾಳಿಯ ಹೆಂಗಸೊಬ್ಬಳು ನನ್ನ ಕುತ್ತಿಗೆಗೆ ಕಿವಿ ಹತ್ತಿರ ತಂದು, ಉಸಿರು ಬಿಗಿಹಿಡಿದು ಬಗ್ಗಿದ್ದಳು. ನನ್ನೊಳಗೆ ಮೊದಲ ಸಲ ಸುರಿದಿದ್ದ, ಮಂಜುಗಡ್ಡೆಗಿಂತ ಎಷ್ಟೋ ತಣ್ಣಗಿನ ದ್ರವ ಸಾರಜನಕ, ಒಲೆಯಿಂದ ಇಳಿಸಿದ ಹಾಲಿನ ಅಂಚಿನಲ್ಲಿ ನೊರೆ ಒಡೆಯುವಷ್ಟು ಮೆಲ್ಲಗೆ ಕುದಿಯುತ್ತಿತ್ತು. ಆ ಸದ್ದು ಜೋರಾಗಿದ್ದರೆ ನನ್ನ ಗೋಡೆಯಲ್ಲಿ ಎಲ್ಲೋ ಬಿರುಕಿದೆ ಎಂದು ಅರ್ಥ. ಬಿರುಕಿದ್ದರೆ ನನ್ನನ್ನು ಅಲ್ಲೇ ಕರಗಿಸಿಬಿಡುತ್ತಿದ್ದರು. ಅವಳು ಬಹಳ ಹೊತ್ತು ಕೇಳಿಸಿಕೊಂಡಳು. ಆಮೇಲೆ ನನ್ನ ಭುಜ ತಟ್ಟಿ, ಸೀಮೆಸುಣ್ಣದಿಂದ ಒಂದು ಗುರುತು ಹಾಕಿ ಮುಂದಿನದರ ಕಡೆಗೆ ಹೋದಳು.

ನಾನು ಒಂದು ಜಾಡಿ. ಅಲ್ಯೂಮಿನಿಯಂ ಮೈ, ದಪ್ಪ ಹೊಟ್ಟೆ, ಸಣ್ಣ ಕುತ್ತಿಗೆ, ಎರಡು ಕಡೆ ಎರಡು ಹಿಡಿ. ನನಗೆ ಒಂದರೊಳಗೊಂದು ಎರಡು ಗೋಡೆಗಳಿವೆ. ನಡುವೆ ಏನೂ ಇಲ್ಲ, ಗಾಳಿಯನ್ನು ಕೂಡ ಹೀರಿ ತೆಗೆದಿದ್ದಾರೆ. ಆ ‘ಏನೂ ಇಲ್ಲ’ ಎಂಬುದೇ ನನ್ನ ಆಸ್ತಿ. ಅದರಿಂದಲೇ ಹೊರಗಿನ ಬಿಸಿಲು ನನ್ನೊಳಗಿನ ಚಳಿಯನ್ನು ಮುಟ್ಟಲಾರದು. ಆದರೆ ನನ್ನ ಮುಚ್ಚಳವನ್ನು ಬಿಗಿಯಾಗಿ ಹಾಕುವಂತಿಲ್ಲ. ಸಾರಜನಕ ಆವಿಯಾಗುತ್ತಲೇ ಇರುತ್ತದೆ, ಅದಕ್ಕೆ ಹೊರಹೋಗಲು ದಾರಿ ಬೇಕು. ಹಾಗಾಗಿ ತುಂಬಿದ ಗಳಿಗೆಯಿಂದಲೇ ನಾನು ಖಾಲಿಯಾಗತೊಡಗುತ್ತೇನೆ. ಮತ್ತೆ ಯಾವಾಗ ತುಂಬುತ್ತಾರೆ, ತುಂಬುತ್ತಾರೋ ಇಲ್ಲವೋ ಎಂಬ ದಿಗಿಲು ನನಗೆ ಹುಟ್ಟಿನಿಂದ ಬಂದದ್ದು. ಬೇರೆ ಪಾತ್ರೆಗಳಿಗೆ ಇದು ಅರ್ಥವಾಗಲಿಕ್ಕಿಲ್ಲ.

ನನ್ನ ಮೊದಲ ಒಡೆಯ ಬೋರಲಿಂಗಯ್ಯ, ಪಶುವೈದ್ಯ ಇಲಾಖೆಯ ಪರಿವೀಕ್ಷಕರು. ಅವರ ಸ್ಕೂಟರಿನ ಮುಂಭಾಗದಲ್ಲಿ, ಅವರ ಎರಡು ಕಾಲುಗಳ ನಡುವೆ ನನ್ನ ಜಾಗ. ಒಳಗೆ ಒಳ್ಳೆಯ ತಳಿಯ ಹೋರಿಗಳ ವೀರ್ಯ, ಬೆಂಕಿಕಡ್ಡಿಯಷ್ಟು ತೆಳ್ಳಗಿನ ಪ್ಲಾಸ್ಟಿಕ್ ನಳಿಗೆಗಳಲ್ಲಿ ಹೆಪ್ಪುಗಟ್ಟಿ ಮಲಗಿರುತ್ತಿತ್ತು. ನಳಿಗೆಗಳನ್ನು ಉದ್ದ ಹಿಡಿಯ ಲೋಟಗಳಲ್ಲಿ ನಿಲ್ಲಿಸಿ, ಹಿಡಿಗಳನ್ನು ನನ್ನ ಕುತ್ತಿಗೆಗೆ ಸಿಕ್ಕಿಸುತ್ತಿದ್ದರು. ಮಂಡ್ಯದ ಸುತ್ತಿನ ಹಳ್ಳಿಗಳಲ್ಲಿ ನಾವು ಹೋದಲ್ಲೆಲ್ಲ ನಗೆಯೇಳುತ್ತಿತ್ತು.

“ಬಂದ್ರಲ್ಲಪ್ಪ, ಮದ್ವೆಗಂಡ್ನ ಕ್ಯಾನ್ನಾಗ್ ಹಾಕ್ಕಂಡು!” ಎಂದು ಜಗಲಿಯ ಮೇಲಿನ ಮುದುಕಿಯೊಬ್ಬಳು ಕೂಗಿದರೆ ಬೋರಲಿಂಗಯ್ಯ ಬಿಡುತ್ತಿರಲಿಲ್ಲ. “ಊಟ ಕೇಳಾಕಿಲ್ಲ, ವರದಕ್ಷಿಣೆ ಕೇಳಾಕಿಲ್ಲ ಕಣವ್ವ, ಇಂಥ ಅಳಿಯ ನಿಂಗೆಲ್ಲಿ ಸಿಕ್ಕಾನು?” ಎನ್ನುತ್ತಿದ್ದರು.

ತಮಾಷೆಯ ಮನುಷ್ಯ. ಆದರೆ ನನ್ನ ಮುಚ್ಚಳ ತೆಗೆಯುವಾಗ ಅವರ ಮುಖದಲ್ಲಿ ತಮಾಷೆ ಇರುತ್ತಿರಲಿಲ್ಲ. ಲೋಟವನ್ನು ಕುತ್ತಿಗೆಯವರೆಗೆ ಮಾತ್ರ ಎತ್ತಿ, ಚಿಮಟದಿಂದ ಒಂದು ನಳಿಗೆ ಎಳೆದುಕೊಂಡು, ಕಣ್ಣುಮಿಟುಕಿಸುವಷ್ಟರಲ್ಲಿ ಲೋಟವನ್ನು ಮತ್ತೆ ಮುಳುಗಿಸಿಬಿಡುತ್ತಿದ್ದರು. ಹೆಪ್ಪುಗಟ್ಟಿದ ಜೀವ ಒಮ್ಮೆ ಹೊರಗಿನ ಗಾಳಿಗೆ ಕರಗಿದರೆ ಮುಗಿಯಿತು. ಮತ್ತೆ ಮುಳುಗಿಸಿದರೆ ಅದು ಮತ್ತೆ ಗಟ್ಟಿಯಾಗುತ್ತದೆ, ನೋಡಲು ಮೊದಲಿನ ಹಾಗೆಯೇ ಇರುತ್ತದೆ, ಆದರೆ ಸತ್ತಿರುತ್ತದೆ. “ಕತ್ತು ದಾಟಿದ್ರೆ ಕತೆ ಮುಗೀತು” ಎಂದು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅವರು ಹೇಳಿಕೊಡುತ್ತಿದ್ದರು.

ಅವರಿಗೆ ಇನ್ನೂ ದೊಡ್ಡ ಜಾಡಿ ಬಂದಾಗ ನಾನು ಪಶು ಆಸ್ಪತ್ರೆಯ ಮೂಲೆ ಸೇರಿದೆ. ಖಾಲಿಯಾಗಿ, ಬೆಚ್ಚಗೆ. ಆ ಬೆಚ್ಚಗಿನ ದಿನಗಳು ನನಗೆ ನಾಚಿಕೆಯ ದಿನಗಳು.

ಅಲ್ಲಿಂದ ನನ್ನನ್ನು ಕೇಳಿ ಒಯ್ದವರು ದಾಕ್ಷಾಯಿಣಿ. ಸುಳಿಹೊಳೆಯ ದಂಡೆಯ ಮೀನು ಸಂಶೋಧನಾ ಕೇಂದ್ರದಲ್ಲಿ ಅವರು ಸಂಶೋಧಕಿ. ತೆಳ್ಳಗಿನ ಹೆಂಗಸು, ಮಾತಾಡುವ ಮುಂಚೆ ಆ ಮಾತನ್ನು ಒಳಗೇ ಒಂದು ಸಲ ಆಡಿ ನೋಡುವ ಸ್ವಭಾವ.

“ಮೀನಿಗೂ ಇದೇನಾ ಮೇಡಂ?” ಬೋರಲಿಂಗಯ್ಯ ಬೆರಗಾದರು. “ಹಸ ಆದ್ರೆ ಗೂಟಕ್ಕೆ ಕಟ್ಟಾಕಬೋದು. ಮೀನ್ನ ಎಲ್ಲಿಗ್ ಕಟ್ತೀರಿ?”

“ಕಟ್ಟೋದು ಬೇಡ. ಗಂಡುಮೀನು ಉಳಿದಿರೋವಾಗಲೇ ಅದರದ್ದನ್ನ ತೆಗೆದಿಟ್ಟುಕೊಳ್ಳಬೇಕು. ಆಮೇಲೆ ಸಿಕ್ಕದೇ ಹೋದರೆ ಅನ್ನೋ ಭಯ.”

ಬೋರಲಿಂಗಯ್ಯ ನನ್ನನ್ನು ತುಂಬಿಸಿಯೇ ಕೊಟ್ಟರು.

ಸುಳಿಹೊಳೆಯಲ್ಲಿ ಹೊಂಬಾಲ ಎಂಬ ಮೀನಿತ್ತು. ಮೈ ಬೂದಿ ಬಣ್ಣ, ಬಾಲ ಮಾತ್ರ ಹೊಂಬಣ್ಣ. ಹರಿಯುವ ನೀರಿನಲ್ಲಿ, ಮರಳಿನ ಮೇಲೆ ಮಾತ್ರ ಮೊಟ್ಟೆಯಿಡುವ ಮೀನು. ಹೊಳೆಯ ಮರಳನ್ನು ಲಾರಿಗಳು ಹೊತ್ತುಕೊಂಡು ಹೋದಂತೆ ಅದೂ ಹೋಯಿತು. ದಂಡೆಯ ಬೆಸ್ತರು ಅದನ್ನು ತಿನ್ನುತ್ತಿರಲಿಲ್ಲ. ಬಲೆಗೆ ಬಿದ್ದರೆ ತಲೆಗೆ ಅರಿಸಿನ ಹಚ್ಚಿ, ಎರಡು ಕಣ್ಣಿಗೂ ಒತ್ತಿಕೊಂಡು, ಹೊಳೆಗೇ ಬಿಡುತ್ತಿದ್ದರಂತೆ. ಇದನ್ನು ಹೇಳಿದ್ದು ಕೇಂದ್ರದ ಮೀನುಪಾಲಕ ಜವರಪ್ಪ, ಅವನೂ ಬೆಸ್ತರವನೇ. ಕೊನೆಯ ಗಂಡುಗಳನ್ನು ಹಿಡಿದು ತಂದವನೂ ಅವನೇ. ಅವುಗಳ ವೀರ್ಯವನ್ನು ತೆಗೆದ ದಿನ ದಾಕ್ಷಾಯಿಣಿ ಅವನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿ ತೋರಿಸಿದರು.

“ಅಯ್ಯೋ ಅವ್ವಾ, ಮಳೆ ಹುಳ ದೀಪಕ್ಕೆ ಮುತ್ಕಂಡಂಗೆ ಅವಲ್ಲ! ಎಲ್ಲಿಗೆ ಇಷ್ಟೊಂದು ಅರ್ಜೆಂಟು ಇವುಕ್ಕೆ?”

ಅಷ್ಟು ಅವಸರದಲ್ಲಿದ್ದ ಜೀವಗಳನ್ನು ನಳಿಗೆಗಳಲ್ಲಿ ತುಂಬಿ ನನ್ನೊಳಗೆ ನಿಲ್ಲಿಸಿದರು. ಆ ಲೋಟದ ಹಿಡಿಗೆ ಒಂದು ಹಳದಿ ದಾರ. ಪಕ್ಕದ ಲೋಟಗಳಲ್ಲಿ ಸಾಮಾನ್ಯ ಕಾರ್ಪ್ ಮೀನಿನದು, ಅವಕ್ಕೆ ದಾರವಿಲ್ಲ. ಅದಾದ ಮೇಲೆ ಜವರಪ್ಪನ ಬಲೆಗೆ ಒಂದು ಗಂಡು ಹೊಂಬಾಲವೂ ಬೀಳಲಿಲ್ಲ. ಹೆಣ್ಣುಗಳು ಕೆಲವು ಕೇಂದ್ರದ ಕೊಳದಲ್ಲಿದ್ದವು. ಅವುಗಳ ಗಂಡ ನನ್ನ ಹೊಟ್ಟೆಯಲ್ಲಿದ್ದ.

ಒಂದು ಮಳೆಗಾಲ ಕೆಲವು ನಳಿಗೆಗಳನ್ನು ಕರಗಿಸಿ ಮೊಟ್ಟೆಗೆ ಸೇರಿಸಿದರು. ಮರಿಗಳೂ ಆದವು. ಕೂದಲಿನಷ್ಟು ತೆಳ್ಳಗಿನ ಮರಿಗಳು. ಆದರೆ ನೀರು ಹರಿಸುವ ಪಂಪು ಸುಟ್ಟುಹೋಯಿತು, ರಿಪೇರಿಗೆ ಅನುಮತಿ ಬರುವಷ್ಟರಲ್ಲಿ ತೊಟ್ಟಿಯಲ್ಲಿ ಏನೂ ಉಳಿದಿರಲಿಲ್ಲ. ಮರಿಗಳನ್ನು ಸಾಕಲು ಸರಿಯಾದ ತೊಟ್ಟಿ ಆಗುವವರೆಗೆ ಉಳಿದ ನಳಿಗೆಗಳನ್ನು ಮುಟ್ಟಬಾರದು ಎಂದು ದಾಕ್ಷಾಯಿಣಿ ತೀರ್ಮಾನಿಸಿದರು. ಅಲ್ಲಿಂದ ನನ್ನ ಕಾವಲು ಶುರುವಾಯಿತು.

ದಾಕ್ಷಾಯಿಣಿ ದಿನವೂ ಬೆಳಿಗ್ಗೆ ಬಂದು, ಒಂದು ಮರದ ಕಡ್ಡಿಯನ್ನು ನನ್ನ ತಳ ಮುಟ್ಟುವಂತೆ ಇಳಿಸಿ, ಎತ್ತಿ, ಗಾಳಿಯಲ್ಲಿ ಬೀಸುತ್ತಿದ್ದರು. ಸಾರಜನಕದಲ್ಲಿ ಮುಳುಗಿದ್ದಷ್ಟು ಭಾಗದ ಮೇಲೆ ಬಿಳಿಯ ಹಿಮ ಕಟ್ಟುತ್ತದೆ. ಆ ಬಿಳಿ ಎಷ್ಟೆತ್ತರವೋ ನಮ್ಮ ಆಯಸ್ಸು ಅಷ್ಟು. ಅವರು ಕಡ್ಡಿ ನೋಡುತ್ತಿದ್ದರು, ನಾನು ಅವರ ಮುಖ ನೋಡುತ್ತಿದ್ದೆ.

ಆ ವರ್ಷದ ಆಯವ್ಯಯ ಮಂಡನೆಯಾದ ವಾರ ಕೇಂದ್ರದ ಮುಖ್ಯಸ್ಥರಾದ ಡಾಕ್ಟರ್ ರುದ್ರಮುನಿ ರಾಜಧಾನಿಗೆ ಹೋಗಿ ಬಂದರು. ಮೀನುಗಳ ಮೂಳೆ ಎಣಿಸುವುದರಲ್ಲೇ ಕೂದಲು ನರೆತ ಸಾಧು ಮನುಷ್ಯ. ಚೀಲವನ್ನು ಮೇಜಿನ ಮೇಲಿಡದೆ ನನ್ನ ಪಕ್ಕದ ನೆಲದ ಮೇಲಿಟ್ಟು ಕುಳಿತರು.

“ನದಿ ಅನ್ನೋ ಹೆಸರಿಗೆ ದುಡ್ಡು ಇಟ್ಟಿದ್ದಾರಮ್ಮ, ಇಟ್ಟಿಲ್ಲ ಅಂತಲ್ಲ,” ಎಂದರು. “ಹೊಳೆದಂಡೇಲಿ ಮತ್ಸ್ಯದರ್ಶನ ಅಂತ ಕಟ್ಟಡ. ಮೀನಿನ ಆಕಾರದ್ದು. ಬಾಯಿಂದ ಒಳಗೆ ಹೋಗಿ ಬಾಲದಿಂದ ಹೊರಗೆ ಬರೋದು.”

“ನಮ್ಮ ಸಾರಜನಕ?”

“ಅದು ಪ್ರತಿವರ್ಷದ ಖರ್ಚಿನ ಲೆಕ್ಕ. ಅದನ್ನ ಕತ್ತರಿಸಿದ್ದಾರೆ. ಆವಿಯಾಗೋ ವಸ್ತುವಿಗೆ ವರ್ಷ ವರ್ಷ ಯಾಕೆ ಅಂತ ಬರೆದಿದ್ದಾರೆ ಷರಾ.”

ಜವರಪ್ಪ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. “ಬಾಲದಿಂದ ಹೊರಕ್ ಬರಾದಾ ಸಾರ್? ಅಂಗಾರೆ ನಾವ್ ಏನಾಗ್ ಬತ್ತೀವಿ ಅಂತ ಯೋಚ್ನೆ ಮಾಡವ್ರಾ?” ಎಂದ. ರುದ್ರಮುನಿ ನಗಲು ನೋಡಿದರು, ನಗೆ ಬರಲಿಲ್ಲ.

ನನಗೆ ತಿಳಿದ ಮಟ್ಟಿಗೆ ಸರ್ಕಾರ ಕೆಟ್ಟದ್ದಲ್ಲ. ಅದಕ್ಕೆ ಕಣ್ಣಿಗೆ ಕಾಣುವುದನ್ನು ಕೊಳ್ಳುವುದು ಗೊತ್ತು. ಕಟ್ಟಡ ಕಾಣುತ್ತದೆ, ಜಾಡಿ ಕಾಣುತ್ತದೆ. ಜಾಡಿಯೊಳಗಿನ ಚಳಿ ಕಾಣುವುದಿಲ್ಲ. ಅದನ್ನು ದಿನದಿನವೂ ಉಳಿಸಿಕೊಳ್ಳಬೇಕು, ಉಳಿಸಿಕೊಂಡದ್ದಕ್ಕೆ ಸಾಕ್ಷಿಯೂ ಇರುವುದಿಲ್ಲ.

ಮುಂದಿನ ತಿಂಗಳುಗಳು ನಾವು ಕಳ್ಳರ ಹಾಗೆ ಬದುಕಿದೆವು. ಬೋರಲಿಂಗಯ್ಯ ತಮ್ಮ ಹಸುಗಳ ಪಾಲಿನಿಂದ ಒಂದಿಷ್ಟು ಸಾರಜನಕ ಉಳಿಸಿ ಕೊಡುತ್ತಿದ್ದರು. ಪಶು ಆಸ್ಪತ್ರೆಗೆ ಟ್ಯಾಂಕರು ಗುರುವಾರ ಬರುತ್ತಿತ್ತು, ಆ ದಿನ ದಾಕ್ಷಾಯಿಣಿ ಮತ್ತು ಜವರಪ್ಪ ನನ್ನ ಎರಡು ಹಿಡಿಗಳನ್ನು ಹಿಡಿದು ಬಸ್ಸು ಹತ್ತಿಸುತ್ತಿದ್ದರು. ಒಮ್ಮೆ ಕಂಡಕ್ಟರು ತಡೆದ.

“ಏನಮ್ಮ ಅದು, ಹೊಗೆ ಬತ್ತಾದೆ?”

“ಮೀನು,” ಎಂದರು ದಾಕ್ಷಾಯಿಣಿ. ಸುಳ್ಳು ಹೇಳಲು ಅವರಿಗೆ ಬರುತ್ತಿರಲಿಲ್ಲ.

“ಹೆಣ್ಮೀನಾ, ಗಂಡ್ಮೀನಾ?”

“ಗಂಡು.”

“ಅಂಗಾರೆ ಟಿಕೆಟ್ ತಕಳಿ. ಹೆಣ್ಣಾಗಿದ್ರೆ ಫ್ರೀ ಬುಡ್ತಿದ್ದೆ.”

ಬಸ್ಸಿಗೆ ಬಸ್ಸೇ ನಕ್ಕಿತು. ದಾಕ್ಷಾಯಿಣಿ ನಗಲಿಲ್ಲ. ಅಂದು ಬೆಳಿಗ್ಗೆ ಕಡ್ಡಿಯ ಮೇಲೆ ಬಿಳಿ ಎರಡು ಬೆರಳಿನಷ್ಟೂ ಇರಲಿಲ್ಲ. ನಳಿಗೆಗಳ ತಲೆ ದ್ರವದಿಂದ ಮೇಲೆದ್ದಿತ್ತು, ಬರಿಯ ಆವಿಯ ಚಳಿಯಲ್ಲಿ ಅವು ನಿಂತಿದ್ದವು. ಬಸ್ಸು ಒಂದೊಂದು ಗುಂಡಿಗೆ ಇಳಿದಾಗಲೂ ಅವರು ನನ್ನ ಕುತ್ತಿಗೆಯನ್ನು ಎರಡೂ ಕೈಯಿಂದ, ಎಳೆಗೂಸಿನ ತಲೆ ಹಿಡಿದ ಹಾಗೆ, ಹಿಡಿಯುತ್ತಿದ್ದರು. ಅಂದು ಸಕಾಲಕ್ಕೆ ತಲುಪಿದೆವು. ಕೇಂದ್ರಕ್ಕೆ ಮರಳಿ ಬಂದು ದಾಕ್ಷಾಯಿಣಿ ಪರೀಕ್ಷೆಗೆಂದು ಒಂದೇ ಒಂದು ನಳಿಗೆ ಕರಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿ, “ಇವೆ” ಎಂದರು. ಅಷ್ಟೇ ಮಾತು. ಆಮೇಲೆ ಕುರ್ಚಿಯಲ್ಲಿ ಕುಳಿತು ಮುಖಕ್ಕೆ ಸೆರಗು ಒತ್ತಿಕೊಂಡರು.

ಮಾರ್ಚ್ ಕೊನೆಯಲ್ಲಿ ಒಂದು ವಿಚಿತ್ರ ನಡೆಯಿತು. ಯಂತ್ರೋಪಕರಣದ ಲೆಕ್ಕದಲ್ಲಿ ಹಣ ಉಳಿದಿದೆ, ಖರ್ಚು ಮಾಡದಿದ್ದರೆ ವಾಪಸು ಹೋಗುತ್ತದೆ ಎಂದು ಆದೇಶ ಬಂತು. ಆ ಹಣದಲ್ಲಿ ಸಾರಜನಕ ಕೊಳ್ಳುವಂತಿಲ್ಲ, ಪಂಪು ರಿಪೇರಿ ಮಾಡುವಂತಿಲ್ಲ, ಲೆಕ್ಕದ ಶೀರ್ಷಿಕೆ ಬೇರೆ. ಹಾಗಾಗಿ ಇನ್ನೊಂದು ಜಾಡಿ ಕೊಂಡರು. ನನ್ನ ಮೂರರಷ್ಟು ದೊಡ್ಡದು. ಪ್ಲಾಸ್ಟಿಕ್ ಹೊದಿಕೆ ಬಿಚ್ಚದೆ ಅದನ್ನು ನನ್ನ ಪಕ್ಕದಲ್ಲಿ ನಿಲ್ಲಿಸಿದರು, ಒಳಗೆ ಒಂದು ಹನಿಯೂ ಇಲ್ಲ.

“ಹಸ್ದೋನಿಗೆ ಅನ್ನ ಇಕ್ಕಿ ಅಂದ್ರೆ ಇನ್ನೊಂದ್ ತಟ್ಟೆ ತಂದ್ ಇಕ್ಕವ್ರೆ” ಎಂದ ಜವರಪ್ಪ. ರುದ್ರಮುನಿ ಆ ಮಾತು ಕೇಳಿಸದವರ ಹಾಗೆ ರಸೀದಿಗೆ ಸಹಿ ಹಾಕಿದರು.

ಆಮೇಲೆ ಬಂದದ್ದು ವೆಚ್ಚ ಪರಿಶೀಲನಾ ಸಮಿತಿ. ಸಣ್ಣಪುಟ್ಟ ಸಂಶೋಧನಾ ಕೇಂದ್ರಗಳಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಮುಚ್ಚಬೇಕು ಎಂದು ನೋಡಲು ಅವರು ಊರೂರು ಸುತ್ತುತ್ತಿದ್ದರು. ನಮ್ಮದನ್ನು ಮುಚ್ಚಿದರೆ ಕೊಳ ಮತ್ಸ್ಯದರ್ಶನಕ್ಕೆ ಸೇರುತ್ತಿತ್ತು, ಹೆಣ್ಣು ಹೊಂಬಾಲಗಳು ಗಾಜಿನ ಪೆಟ್ಟಿಗೆಗೆ. ನಾನು ಗುಜರಿಗೆ. ನನ್ನೊಳಗಿನದು ಎಲ್ಲಿಗೆ ಎಂದು ಯಾರೂ ಬರೆದಿರಲಿಲ್ಲ.

“ಜಾಡಿ ತೆಗೆದು ತೋರಿಸಿ ಅಂತಾರೆ,” ದಾಕ್ಷಾಯಿಣಿ ಸಮಿತಿ ಬರುವ ದಿನ ಬೆಳಿಗ್ಗೆಯೇ ರುದ್ರಮುನಿಗಳಿಗೆ ಹೇಳಿದರು. “ಕಾರ್ಪಿನ ಲೋಟ ಎತ್ತಿ ತೋರಿಸ್ತೀನಿ ಸರ್. ನೋಡೋರಿಗೆ ಎರಡೂ ಒಂದೇ ಥರ ಕಾಣುತ್ತೆ. ಹೊಂಬಾಲದ್ದು ಮೇಲೆ ಬರೋದು ಬೇಡ.”

“ಕೇಳಿದರೆ?”

“ಕೇಳಲ್ಲ ಸರ್.”

ರುದ್ರಮುನಿ ತಲೆಯಾಡಿಸಿದರು. ಆ ತಲೆಯಾಡಿಸುವಿಕೆಯಲ್ಲಿ ಒಪ್ಪಿಗೆ ಪೂರ್ತಿ ಇರಲಿಲ್ಲ ಎಂದು ನನಗೆ ಕೆಳಗಿನಿಂದಲೇ ಕಂಡಿತು. ದಾಕ್ಷಾಯಿಣಿ ಕಡ್ಡಿ ಬೀಸುತ್ತಿದ್ದರು, ನೋಡಲಿಲ್ಲ.

ಸಮಿತಿಯವರು ಬಂದರು. ಕೋಣೆ ತುಂಬ ಬೂಟುಗಳು, ಚಪ್ಪಲಿಗಳು. ಅಧ್ಯಕ್ಷರಾದ ಕಾಳಿಂಗಪ್ಪ ಬಿಳಿ ಪಂಚೆಯ, ಕೈಕೋಲಿನ ಹಿರಿಯ ಶಾಸಕರು. ಅವರ ಬಲಕ್ಕೆ ಹಣಕಾಸು ಇಲಾಖೆಯ ಒಬ್ಬ ಎಳೆಯ ಅಧಿಕಾರಿ.

“ಈ ಮೀನು ಹೊಳೆಯಲ್ಲಿ ಇದೆಯಾ?” ಅಧಿಕಾರಿ ಕೇಳಿದ.

“ಹೆಣ್ಣು ನಮ್ಮ ಕೊಳದಲ್ಲಿದೆ. ಗಂಡು ಕೆಲವು ವರ್ಷದಿಂದ ಸಿಕ್ಕಿಲ್ಲ,” ಎಂದರು ದಾಕ್ಷಾಯಿಣಿ.

“ಅಂದರೆ ಇಲ್ಲ.”

“ಇದರೊಳಗೆ ಇದೆ.” ಅವರು ನನ್ನ ಮುಚ್ಚಳ ತೆಗೆದರು. ಬಿಳಿ ಮಂಜು ಉಕ್ಕಿ ನೆಲಕ್ಕೆ ಇಳಿಯಿತು.

“ಇದರಲ್ಲಿ ಇರೋದು ಹೊಗೆ ಅಲ್ವಾ ಮೇಡಂ?”

ನಾಲ್ಕಾರು ಜನ ನಕ್ಕರು. ದಾಕ್ಷಾಯಿಣಿ ಕಾರ್ಪಿನ ಲೋಟವನ್ನು ಕುತ್ತಿಗೆಯವರೆಗೆ ಎತ್ತಿ, ತೋರಿಸಿದಂತೆ ಮಾಡಿ, ಇಳಿಸಿಬಿಟ್ಟರು. ಆದರೆ ಕಾಳಿಂಗಪ್ಪ ಕೋಲೂರಿ ಮುಂದೆ ಬಗ್ಗಿದರು.

“ಯಾವ್ ಮೀನು ಅಂದ್ರಿ ತಾಯಿ?”

“ಹೊಂಬಾಲ, ಸರ್.”

“ಹೊಂಬಾಲನಾ!” ಮುದುಕರ ದನಿ ಬದಲಾಯಿತು. “ನಮ್ಮಜ್ಜಿ ಅರಿಸಿನ ಹಚ್ಚಿ ಬುಡೋಳು ಕಣವ್ವ ಅದ್ನ. ನಾನು ಇಷ್ಟುದ್ದ ಇದ್ದೆ. ನಮ್ ಕಣ್ಗೂ ಒತ್ಸಿ ಬುಡೋಳು. ಅದಾ ಇದು? ಈಗ್ ಎತ್ತಿದ್ರಲ್ಲ, ಅದೇ ಏನು ಹೊಂಬಾಲ?”

ದಾಕ್ಷಾಯಿಣಿ ಬಾಯಿ ತೆರೆದರು. ಮಾತನ್ನು ಒಳಗೆ ಆಡಿ ನೋಡುತ್ತಿದ್ದರು, ಹೊರಗೆ ಬರಲಿಲ್ಲ. ಆ ಒಂದು ಗಳಿಗೆಯಲ್ಲಿ ರುದ್ರಮುನಿ ಮುಂದೆ ಬಂದರು.

“ಅಲ್ಲ ಸರ್. ಅದು ಬೇರೆ ಮೀನು. ಹೊಂಬಾಲ ಇದು. ತಮ್ಮಂಥವರಿಗೆ ಬೇರೇದನ್ನ ತೋರಿಸಿ ಕಳಿಸೋದು ತಪ್ಪಾಗುತ್ತೆ.”

ಕರವಸ್ತ್ರ ಸುತ್ತಿದ ಕೈಯಿಂದ ಅವರು ಹಳದಿ ದಾರದ ಹಿಡಿಯನ್ನು ಹಿಡಿದು ಎತ್ತಿದರು. ಕುತ್ತಿಗೆಯನ್ನು ದಾಟಿಸಿ, ಎಲ್ಲರಿಗೂ ಕಾಣುವಷ್ಟು ಎತ್ತರಕ್ಕೆ. ಮೀನಿನ ಮೂಳೆಮೂಳೆಯನ್ನೂ ಬಲ್ಲ ಮನುಷ್ಯ ನನ್ನ ಮುಚ್ಚಳವನ್ನು ತಮ್ಮ ಕೈಯಿಂದ ಒಂದು ದಿನವೂ ತೆರೆದವರಲ್ಲ.

“ಸರ್, ಒಳಗಿಡೋಣ,” ಎಂದರು ದಾಕ್ಷಾಯಿಣಿ.

“ಒಂದು ಫೋಟೋ ಮೇಡಂ, ಕಡತಕ್ಕೆ ಬೇಕು,” ಎಂದ ಅಧಿಕಾರಿ. ಸಮಿತಿಯ ಜೊತೆ ಬಂದಿದ್ದ ಫೋಟೋದವನು ಮುಂದೆ ಬಂದ. “ಮಂಜು ಅಡ್ಡ ಬರ್ತಾ ಇದೆ ಸಾರ್. ವಸಿ ಹಂಗೇ ಹಿಡ್ಕಳಿ, ಮಂಜು ಹೋಗ್ಲಿ.”

ಮಂಜು ಹೋಗಲಿ ಎಂದು ಎಲ್ಲರೂ ಕಾದರು. ಮಂಜು ಹೋಗುವುದೆಂದರೇನು ಎಂದು ಆ ಕೋಣೆಯಲ್ಲಿ ಒಬ್ಬರಿಗೇ ಗೊತ್ತಿತ್ತು.

“ಸರ್. ಸರ್, ಇಳಿಸಿ.” ದಾಕ್ಷಾಯಿಣಿಯ ದನಿ ಏರಿತು. ಅವರ ಏರಿದ ದನಿಯೂ ಬೇರೆಯವರ ಮಾಮೂಲಿ ದನಿಗಿಂತ ಮೆಲ್ಲಗಿತ್ತು. ಅವರು ಕೈಚಾಚಿ ಹಿಡಿಯನ್ನು ಹಿಡಿಯಹೋದರು. ಅಷ್ಟರಲ್ಲಿ ಕಾಳಿಂಗಪ್ಪ ಕೋಲನ್ನು ಪಕ್ಕದವರ ಕೈಗೆ ಕೊಟ್ಟು, ಚಪ್ಪಲಿ ಬಿಟ್ಟು, ಎರಡೂ ಕೈಯಿಂದ ಲೋಟವನ್ನು ಈಸಿಕೊಂಡಿದ್ದರು. ಚರ್ಮ ಸುಡುವಂಥ ಅದರ ಚಳಿ ಅಷ್ಟರಲ್ಲಾಗಲೇ ಇಳಿದುಹೋಗಿತ್ತು. ಮಂಗಳಾರತಿ ತಟ್ಟೆಯ ಹಾಗೆ ಅದನ್ನು ಹತ್ತಿರ ತಂದು ಬಲಗಣ್ಣಿಗೆ ಒತ್ತಿಕೊಂಡರು, ಎಡಗಣ್ಣಿಗೆ ಒತ್ತಿಕೊಂಡರು. ಬಾಗಿಲ ಬಳಿ ಕೈಮುಗಿದು ನಿಂತಿದ್ದ ಜವರಪ್ಪನನ್ನು ಕಂಡು, “ಯಾವ ಕುಲ್ದೋನಪ್ಪ? ಬೆಸ್ತರೋನಾ? ಬಾ, ನೀನೂ ಮುಟ್ಟು. ನಮ್ಮೋರ್ ಮೀನು” ಎಂದರು. ಜವರಪ್ಪ ಬಂದು ಕಣ್ಣಿಗೊತ್ತಿಕೊಂಡ. ಅವನ ಹಿಂದೆ ಫೋಟೋದವನೂ ಬಂದ. ಹೊಗೆ ಎಂದು ನಕ್ಕಿದ್ದ ಅಧಿಕಾರಿಯೂ ಒಂದು ಬೆರಳಿನಿಂದ ಮುಟ್ಟಿ, ಆ ಬೆರಳನ್ನು ಎದೆಗೆ ತಾಗಿಸಿಕೊಂಡ.

ನಳಿಗೆಗಳ ಮೇಲಿನ ಬಿಳಿ ಕರಗಿ ನೀರಾಗಿ, ಒಂದು ಹನಿ ನನ್ನ ಭುಜದ ಮೇಲೆ ಬಿತ್ತು.

ದಾಕ್ಷಾಯಿಣಿ ಲೋಟವನ್ನು ಕಸಿದುಕೊಂಡರೆಂದೇ ಹೇಳಬೇಕು. ನನ್ನೊಳಗೆ ಮುಳುಗಿಸಿದಾಗ ನನ್ನ ಸಾರಜನಕ ಚೊರ್ ಎಂದು ಕುದಿದೆದ್ದಿತು. ತಣ್ಣಗಿನ ವಸ್ತುವನ್ನು ಮುಳುಗಿಸಿದರೆ ಅದು ಹಾಗೆ ಕುದಿಯುವುದಿಲ್ಲ. ದಾಕ್ಷಾಯಿಣಿಯ ಮುಖ ನನ್ನ ಕುತ್ತಿಗೆಯ ನೇರ ಮೇಲಿತ್ತು. ಆ ಮುಖದ ಬಣ್ಣ ಇಳಿದದ್ದನ್ನು ನಾನು ಕಂಡೆ.

ಅವರ ಬೆನ್ನ ಹಿಂದೆ ಕಾಳಿಂಗಪ್ಪ ಮೂಗು ಒರೆಸಿಕೊಳ್ಳುತ್ತ ಹೇಳುತ್ತಿದ್ದರು: “ಬಾಯ್ನಿಂದ ಹೋಗಿ ಬಾಲ್ದಿಂದ ಬರೋ ಕಟ್ಟಡ ಮುಂದ್ಲೊರ್ಷ ಕಟ್ಟಾಣ. ಮೊದ್ಲು ಇದು ಉಳೀಲಿ. ಏನಪ್ಪ, ಹಣ ಎಲ್ಲಿಂದ ಕೊಡ್ಬೋದು?”

“ಪ್ರತ್ಯೇಕ ಶೀರ್ಷಿಕೆ ಮಾಡಬಹುದು ಸರ್,” ಎಂದ ಅಧಿಕಾರಿ. ಈಗ ಅವನ ದನಿಯಲ್ಲಿ ಕುಹಕವಿರಲಿಲ್ಲ. “ಸಾರಜನಕ, ಪಂಪು, ಮರಿ ಸಾಕೋ ತೊಟ್ಟಿ. ವರ್ಷ ವರ್ಷ ನಿಲ್ಲದ ಹಾಗೆ.”

ಚಪ್ಪಾಳೆ ಬಿತ್ತು.

ಅವರೆಲ್ಲ ಊಟಕ್ಕೆ ಹೋದ ಮೇಲೆ ದಾಕ್ಷಾಯಿಣಿ ಬಾಗಿಲು ಹಾಕಿಕೊಂಡರು. ಒಂದು ನಳಿಗೆಯನ್ನು ಕ್ರಮವಾಗಿ ಕರಗಿಸಿ ಗಾಜಿನ ಮೇಲೆ ಹನಿ ಹಾಕಿ ಸೂಕ್ಷ್ಮದರ್ಶಕಕ್ಕೆ ಬಗ್ಗಿದರು. ಬಹಳ ಹೊತ್ತು ತಲೆಯೆತ್ತಲಿಲ್ಲ. ಲೋಟದ ನಡುವಿನಿಂದ ಇನ್ನೊಂದು ತೆಗೆದರು. ಆಮೇಲೆ ತಳದಿಂದ ಮತ್ತೊಂದು. ಮಳೆಹುಳಗಳ ಹಾಗೆ ಮುತ್ತುತ್ತಿದ್ದ ಜಾಗದಲ್ಲಿ ಧೂಳು ಕೂತಂತೆ ಇತ್ತೆಂದು ಕಾಣುತ್ತದೆ. ನಾನು ಸೂಕ್ಷ್ಮದರ್ಶಕದಲ್ಲಿ ನೋಡಲಾರೆ. ಆದರೆ ‘ಇವೆ’ ಎಂಬ ಆ ಒಂದು ಮಾತಿಗಾಗಿ ಕಾದೆ. ಅದು ಬರಲಿಲ್ಲ.

ಬಾಗಿಲು ಬಡಿದು ರುದ್ರಮುನಿ ಬಂದರು, ಕೈಯಲ್ಲಿ ಮೈಸೂರುಪಾಕಿನ ತುಂಡು.

“ಬಾಯಿ ತೆಗಿಯಮ್ಮ. ನಿವೃತ್ತಿಗೆ ಮುಂಚೆ ಒಂದು ಕೆಲಸ ಆಯ್ತು ನನ್ನ ಕೈಲಿ. ನೀನು ಕಾರ್ಪು ತೋರಿಸೋಣ ಅಂದೆ. ನಿಜ ತೋರಿಸಿದ್ದಕ್ಕೇ ಬಂತು ನೋಡು!” ಅವರ ಕಣ್ಣು ತುಂಬಿತ್ತು. “ಏನು ನೋಡ್ತಾ ಇದ್ದೀಯ?”

ದಾಕ್ಷಾಯಿಣಿ ಗಾಜನ್ನು ನಿಧಾನವಾಗಿ ಒರೆಸಿದರು.

“ಲೆನ್ಸ್ ಮಸುಕಾಗಿತ್ತು ಸರ್.”

ಸಾರಜನಕದ ಟ್ಯಾಂಕರು ಈಗ ನಮ್ಮ ಅಂಗಳಕ್ಕೇ ಬರುತ್ತದೆ. ಹೊಸ ಪಂಪು ಬಂತು, ತೊಟ್ಟಿ ಕಟ್ಟಿದರು. ದೊಡ್ಡ ಜಾಡಿಯ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿ ತುಂಬಿಸಿದರು. ನನ್ನೊಳಗಿನ ಲೋಟಗಳನ್ನು ಅದಕ್ಕೆ ಸಾಗಿಸುವ ದಿನ ದಾಕ್ಷಾಯಿಣಿ ಯಾರನ್ನೂ ಒಳಗೆ ಬಿಡಲಿಲ್ಲ. ಎರಡು ಜಾಡಿಗಳ ಕುತ್ತಿಗೆಯನ್ನು ಒಂದಕ್ಕೊಂದು ತಾಗಿಸಿ, ಕಣ್ಣುಮಿಟುಕಿಸುವಷ್ಟರಲ್ಲಿ ಹಳದಿ ದಾರದ ಲೋಟವನ್ನು ದಾಟಿಸಿದರು. ಜೀವವಿರುವುದನ್ನು ದಾಟಿಸುವಷ್ಟೇ ಜಾಗರೂಕತೆಯಿಂದ. ಯಾರೂ ನೋಡುತ್ತಿರಲಿಲ್ಲ, ಆದರೂ.

ನಾನೀಗ ಮೀನಿನ ಆಹಾರದ ಮೂಟೆಗಳ ಪಕ್ಕದಲ್ಲಿದ್ದೇನೆ. ನನ್ನ ಗೋಡೆಗಳ ನಡುವಿನ ‘ಏನೂ ಇಲ್ಲ’ದೊಳಗೆ ಗಾಳಿ ನುಸುಳಿದೆ, ಮೈ ಬೆವರುತ್ತದೆ. ಇನ್ನು ನನ್ನನ್ನು ತುಂಬಿ ಪ್ರಯೋಜನವಿಲ್ಲ. ಮೂಲೆಯಲ್ಲಿ ಕುಳಿತವರಿಗೆ ಯೋಚಿಸಲು ಸಮಯ ಬಹಳ. ಕೇಳಿದಾಗ ಕೊಡದೆ ಇದ್ದ ದಿನಗಳಲ್ಲಿ ನಾವು ಹೇಗೋ ಉಳಿಸಿಕೊಂಡೆವು. ಹಸುವಿನ ಪಾಲು ಬೇಡಿ, ಬಸ್ಸಿನಲ್ಲಿ ನಗಿಸಿಕೊಂಡು ಉಳಿಸಿಕೊಂಡೆವು. ಕೊಟ್ಟ ದಿನ, ಕೊಡಬೇಕೆಂದು ಅವರ ಮನಸ್ಸು ಕರಗಿದ ದಿನವೇ ಕಳೆದುಕೊಂಡೆವು. ಯಾರನ್ನು ದೂರಲಿ? ಕಣ್ಣಿಗೊತ್ತಿಕೊಂಡವರನ್ನೇ? ಕಾಣದ ಹೊರತು ನಂಬದವರಿಗೆ ಕಾಣಿಸಲೇಬೇಕಾಗಿ ಬಂದದ್ದನ್ನೇ? ನನ್ನಂಥ ಸಾಮಾನ್ಯ ಪಾತ್ರೆಗೆ ತಿಳಿಯದು.

ಮೊದಲ ಮಳೆ ಬಂದ ಸಂಜೆ ದಾಕ್ಷಾಯಿಣಿ ಆಹಾರದ ಕೋಣೆಗೆ ಬಂದರು. ಹೊರಗೆ ಕೊಳದಲ್ಲಿ ಹೊಸನೀರಿನ ವಾಸನೆಗೆ ಹೆಣ್ಣು ಹೊಂಬಾಲಗಳು ಸುತ್ತತೊಡಗಿದ್ದವು. ಜವರಪ್ಪ ಮೂಟೆ ಬಿಚ್ಚುತ್ತಿದ್ದ.

“ಅವ್ವಾ, ಹೆಣ್ಣುಗಳು ತಯಾರಾಗವೆ. ತೊಟ್ಟಿನೂ ಅದೆ, ಪಂಪೂ ಅದೆ. ಜಾಡೀಲಿರೋ ಗಂಡುನ್ನ ತೆಗ್ಯಣ್ವಾ?”

ದಾಕ್ಷಾಯಿಣಿ ನನ್ನ ಮುಚ್ಚಳದ ಮೇಲೆ ಕೈಯಿಟ್ಟು ನಿಂತರು. ಹೇಳಿಬಿಡಲು ಬಂದವರು ಎಂದು ನನಗನ್ನಿಸಿತು. ಹೇಳಿದರೆ ಹಣ ಕಟ್ಟಡಕ್ಕೆ ಮರಳುತ್ತದೆ. ರುದ್ರಮುನಿಯವರಿಗೆ ತಮ್ಮ ಕೈಯೇ ಶತ್ರುವಾಗುತ್ತದೆ. ಇವನು, ಈ ಜವರಪ್ಪ, ಮತ್ತೆ ಯಾವುದನ್ನೂ ಕಣ್ಣಿಗೊತ್ತಿಕೊಳ್ಳಲಾರ. ಹೇಳದಿದ್ದರೆ ವರ್ಷ ವರ್ಷ ಸತ್ತದ್ದನ್ನು ಚಳಿಯಲ್ಲಿಟ್ಟು ಕಾಯಬೇಕು, ಕೇಳಿದವರಿಗೆಲ್ಲ ಇದೆ ಎನ್ನಬೇಕು. ಸುಳ್ಳು ಹೇಳಲು ಬಾರದ ಹೆಂಗಸು.

“ಈ ವರ್ಷ ಬೇಡ ಜವರಪ್ಪ,” ಎಂದರು. “ಈಗ ದೋಣಿಗೂ ದುಡ್ಡಿದೆ. ಹೊಳೆ ಮೇಲಕ್ಕೆ, ಕಾಡೊಳಗಿನ ಮಡುಗಳವರೆಗೂ ಹೋಗೋಣ. ಹೊಸ ಗಂಡು ಹುಡುಕೋಣ.”

“ಹೊಸ ಗಂಡು ಯಾಕವ್ವ? ನಮ್ತಾವ ಇಲ್ವಾ?”

ಅವರು ಮಾತನ್ನು ಒಳಗೆ ಒಂದು ಸಲ ಆಡಿ ನೋಡಿದರು. ನನ್ನ ಮುಚ್ಚಳದ ಮೇಲಿದ್ದ ಅವರ ಬೆರಳುಗಳು ಬಿಗಿಯಾದವು, ಆಮೇಲೆ ಸಡಿಲವಾದವು.

“ಇದೆ,” ಎಂದರು. “ಇದ್ದರೂ ಇನ್ನೊಂದಿರಲಿ. ಬೆಳಿಗ್ಗೆ ಬೇಗ ಬಲೆ ತಗೊಂಡು ಬಾ.”